ಹೆಸರಿರುವ ಟ್ಯೂಬ್‌ಲೈಟುಗಳು

ಸಾಗರದಲ್ಲಿ ನನ್ನದು ಎಲೆಕ್ಟ್ರಿಕಲ್ ಅಂಗಡಿ. ನಾನು ಮಾರಿದ್ದನ್ನು ಊರವರ ಗೋಡೆಗೆ ಏರಿಸುತ್ತ ಬಂದವನು ನಿಂಗಪ್ಪ. ಹೊಸನಗರದ ಕಡೆಯವನು, ಕರೆಂಟ್ ಲೈನ್ ಕೆಲಸಕ್ಕೆ ಕಂಬ ಹೊರಲು ಬಂದು ವೈರಿಂಗ್ ಕಲಿತ. ಈಗ ಮಂಡಿ ಸವೆದಿದೆ. “ಊರವರ ಮಾಡಿಗೆಲ್ಲ ಹತ್ತಾರೆ, ನಮ್ಮನೆ ಅಟ್ಟ ಹತ್ತಿ ಅಂದ್ರೆ ಮಾತ್ರ ಮಂಡಿ ನೋವು,” ಎಂದು ಹೆಂಡತಿ ಕೆರಿಯಮ್ಮ ಅಂಗಡಿಗೇ ಬಂದು ದೂರುತ್ತಾಳೆ.

ಹಳೇ ಚರ್ಚಿನೊಳಗೆ ಹೊಸ ದೀಪ ಹಾಕಿಸಲು ಫಾದರ್ ಹೊರಟಾಗ ನಿಂಗಪ್ಪ ಒಲ್ಲೆ ಎಂದ. ನಾನೇ ಒಪ್ಪಿಸಿದೆ.

“ಕಮಾನಿನ ಹಿಂದೆ ಎಲ್‌ಇಡಿ ಪಟ್ಟಿ ಕೂರಿಸಿಬಿಡು ಮಾರಾಯ. ವರ್ಷಗಟ್ಟಲೆ ಕೆಡಲ್ಲ. ನಿಂಗೆ ಅಲ್ಲಿ ಇದೇ ಕೊನೇ ಏಣಿ.”

ವ್ಯಾಪಾರದ ಮಾತು, ಆದರೂ ನಂಬಿದ. ಆ ಚರ್ಚಿನ ಟ್ಯೂಬ್‌ಲೈಟು ಬದಲಿಸುವುದರಲ್ಲೇ ಅವನ ಅರ್ಧ ಆಯುಷ್ಯ ಹೋಗಿತ್ತು. ಒಂದೊಂದೂ ಒಂದೊಂದು ಮನೆಯವರು ತೀರಿಹೋದವರ ನೆನಪಿಗೆ ಕೊಟ್ಟದ್ದು. ಅದರ ಮೇಲೆ ಕೆಂಪು ಪೇಂಟಿನಲ್ಲಿ ಹೆಸರು, ಊರು. ಉಳಿದ ಜಾಗದಲ್ಲಿ ಬೆಳಕು.

ಹಳೆಯದನ್ನೆಲ್ಲ ಇಳಿಸಿ ಪಟ್ಟಿ ಹಚ್ಚಿದಾಗ ಮರದ ಮಾಡಿನ ಕೆತ್ತನೆ ಕಂಡಿತು, ಜೇಡರ ಬಲೆಯೂ ಕಂಡಿತು. ಫಾದರ್ ಖುಷಿಪಟ್ಟರು. ಪ್ರಾರ್ಥನೆಗೆ ಬಂದ ಕಾರ್ಮಿನ್ ಬಾಯಿ ಮಾತ್ರ ಗೋಡೆ ನೋಡುತ್ತ ನಿಂತರು.

“ನಮ್ಮ ಪಾಸ್ಕಲ್ ಎಲ್ಲಿ?”

ಗಂಡನ ಹೆಸರಿನ ಟ್ಯೂಬ್‌ಲೈಟನ್ನು ಅವರು ಕರೆಯುವುದೇ ಹಾಗೆ.

“ಮೂಲೆಗೆ ಒರಗಿಸಿದೀನಿ ಬಾಯಿ,” ಎಂದ ನಿಂಗಪ್ಪ.

“ಎಲ್ಲರ ಹೆಸರೂ ಕಲ್ಲಲ್ಲಿ ಕೆತ್ತಿಸಿ ಗೋಡೆಗೆ ಹಾಕ್ತೀವಮ್ಮ,” ಎಂದರು ಫಾದರ್.

“ಕಲ್ಲಿನ ಮೇಲೆ ಹೆಸರು ಸಿಮಿಟ್ರಿ ಗೋರಿಲೇ ಇದ್ಯಲ್ಲ ಫಾದರ್. ಇಲ್ಲಿ ಉರೀಬೇಕು.”

ಭಾನುವಾರದ ಪೂಜೆ ಮುಗಿಯುವಷ್ಟರಲ್ಲಿ ಉಳಿದ ಮನೆಯವರೂ ಅದನ್ನೇ ಹೇಳಿದರು. ಫಾದರ್ ಸೋತರು: ಹೊಸದೂ ಇರಲಿ, ಹಳೆಯವೂ ಅವುಗಳ ಜಾಗಕ್ಕೆ ಹೋಗಲಿ. ಎರಡನ್ನೂ ಮಾರುವ ನನಗೆ ತಕರಾರಿರಲಿಲ್ಲ.

ನಿಂಗಪ್ಪ ಬೆಂಚಿನ ಮೇಲೆ ಮಂಡಿ ಉಜ್ಜುತ್ತ ಕೂತಿದ್ದ. “ಕೊನೇ ಏಣಿ ಅಂದಿದ್ರಿ.”

“ಪಟ್ಟಿದು ಕೊನೇದು ಅಂದಿದ್ದು.”

ಅವನು ನಗಲಿಲ್ಲ. “ಬೇರೆಯವರನ್ನ ಕರೀಲಾ?” ಎಂದೆ.

“ಬೇಡ. ಹೊಸಬರು ಚಪ್ಪಲಿ ಬಿಡೋ ಕಡೆ ಪಾಸ್ಕಲ್‌ನನ್ನ ಹಾಕ್ತಾರೆ. ಬಾಯಿ ಆಮೇಲೆ ನಮ್ಮನೆಗೇ ಬರ್ತಾರೆ.”

ಎದ್ದು, ಏಣಿ ಒರಗಿಸಿ, ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿದ. ಕಾರ್ಮಿನ್ ಬಾಯಿ ಎರಡೂ ಕೈಯಲ್ಲಿ ಏಣಿ ಹಿಡಿದರು.

“ಹೆಸರು ಕೆಳಗೆ ಬರ್ಲಿ, ತಿರುಗ್ಸು. ಇನ್ನೂ ಸ್ವಲ್ಪ.”

ಸ್ವಿಚ್ ಹಾಕಿದೆ. ಪಾಸ್ಕಲ್ ಮಿಣಮಿಣ ಎಂದು ಹೊತ್ತಿಕೊಂಡ. ಹೊಸ ಬೆಳಕಿನೆದುರು ಅವನು ಹೊತ್ತಿದ್ದು ಕಂಡದ್ದೂ ಅಷ್ಟಕ್ಕಷ್ಟೇ. ಬಾಯಿ ಶಿಲುಬೆ ಗುರುತು ಮಾಡಿಕೊಂಡು ಹೋದರು.

ನಿಂಗಪ್ಪ ಮೆಟ್ಟಿಲಿಗೆ ಹಣೆಯಿಟ್ಟು ಮೇಲೆಯೇ ನಿಂತಿದ್ದ.

“ಇಳಿಯೋ,” ಎಂದೆ.

“ಇಳಿದ್ರೆ ಮುಂದಿನದಕ್ಕೆ ಹತ್ಬೇಕಲ್ಲ,” ಎಂದ.