ಅರ್ಜಿಯ ತಲೆಯ ಮೇಲಿನ ಮೂರು ಗೆರೆ

ಮಹದೇವಪ್ರಸಾದರಿಗೆ ಒಂದು ಅಭ್ಯಾಸ. ರಜೆ ಚೀಟಿಯಾಗಲಿ, ಸೊಪ್ಪು ತರಕಾರಿಯ ಪಟ್ಟಿಯಾಗಲಿ, ಕಾಗದದ ತಲೆಗೆ ‘ಶ್ರೀ ಮಹದೇಶ್ವರ ಪ್ರಸನ್ನ’ ಎಂದು ಬರೆದು, ಕೆಳಗೆ ವಿಭೂತಿಯ ಹಾಗೆ ಮೂರು ಅಡ್ಡಗೆರೆ ಎಳೆಯದೆ ಪೆನ್ನು ಮುಂದಕ್ಕೆ ಹೋಗದು. ಮಠದ ಉಚಿತ ಹಾಸ್ಟೆಲಿನಲ್ಲಿ ನಲವತ್ತು ಹುಡುಗರ ಸಾಲಿನಲ್ಲಿ ಮಲಗಿ ಓದುತ್ತಿದ್ದಾಗ ಕೈಗೆ ಹತ್ತಿದ್ದು, ಐವತ್ತೆರಡಾದರೂ ಬಿಟ್ಟಿರಲಿಲ್ಲ. ಇಂಥ ಮಹಾನುಭಾವರು ಹೆಸರು ಮುಚ್ಚಿಟ್ಟುಕೊಂಡು ಸರ್ಕಾರಕ್ಕೆ ದೂರು ಬರೆಯಲು ಹೊರಟರು.

ಅವರ ಕೆಲಸ ಹೆಬ್ಬಾಳದ ಒಬ್ಬ ಗುತ್ತಿಗೆದಾರನ ಪರೀಕ್ಷಾ ಕೊಠಡಿಯಲ್ಲಿ. ಕಟ್ಟಡಕ್ಕೆ ಹಾಕುವ ಕಾಂಕ್ರೀಟನ್ನು ಒಂದಿಷ್ಟು ತಂದು ಕಬ್ಬಿಣದ ಅಚ್ಚಿಗೆ ತುಂಬಿ, ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಆಮೇಲೆ ಯಂತ್ರದಲ್ಲಿ ಒಡೆದು ಎಷ್ಟು ಭಾರ ತಡೆಯಿತೆಂದು ರಿಜಿಸ್ಟರಿಗೆ ಬರೆಯುವುದು. ಅದೇ ಗುತ್ತಿಗೆದಾರ ಬೋಗಾದಿಯಲ್ಲಿ ಕಟ್ಟುತ್ತಿದ್ದ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನ ಕಂಬದ ಕಾಂಕ್ರೀಟು ಯಂತ್ರದಲ್ಲಿ ರಸ್ಕಿನ ಹಾಗೆ ಉದುರಿತು. ಮಾಲೀಕ ತಲೆ ಕೆಡಿಸಿಕೊಳ್ಳಲಿಲ್ಲ. ಪರೀಕ್ಷೆಗೆಂದೇ ಸಿಮೆಂಟು ಜಾಸ್ತಿ ಸುರಿದು ಬೇರೆ ಅಚ್ಚು ಹಾಕಿಸಿದ. ಅದರ ಅಂಕಿಯೇ ಸರ್ಕಾರಕ್ಕೆ ಹೋಯಿತು. ಎರಡು ತಿಂಗಳು ಹೆದರಿ ಸುಮ್ಮನಿದ್ದ ಪ್ರಸಾದರು ಕೊನೆಗೆ ಎರಡು ಪುಟ ಬರೆದು, ಸಹಿ ಹಾಕದೆ, ಅಂಚೆಗೆ ಹಾಕಿದರು.

ಅರ್ಜಿ ತಲುಪಿದ ಕಚೇರಿಯವರು ಸಮಜಾಯಿಷಿ ಕೇಳಿ ಅದರ ಜೆರಾಕ್ಸನ್ನು ಮಾಲೀಕನಿಗೇ ಕಳಿಸಿದರು. ಅವನು ಅದನ್ನು ರಿಜಿಸ್ಟರಿನ ಪಕ್ಕದಲ್ಲಿಟ್ಟು ನೋಡಿದ. ಅಲ್ಲೂ ಮಹದೇಶ್ವರ, ಇಲ್ಲೂ ಮಹದೇಶ್ವರ. ಅಲ್ಲೂ ಮೂರು ಗೆರೆ, ಇಲ್ಲೂ ಮೂರು ಗೆರೆ. ಮಧ್ಯಾಹ್ನದ ಊಟಕ್ಕೆ ಮೊದಲೇ, ನಾಳೆಯಿಂದ ಬರಬೇಡಿ ಎಂದುಬಿಟ್ಟ.

ಕೆಲಸ ಹೋದದ್ದನ್ನು ಹೇಗೋ ತಡೆದುಕೊಂಡರು. ತಡೆಯಲಾಗದ್ದು ಒಂಟಿತನ. ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಇದ್ದ ಗೆಳೆಯನೊಬ್ಬನೇ, ಪರೀಕ್ಷಾ ಕೊಠಡಿಯಲ್ಲಿ ಯಂತ್ರ ನಡೆಸುವ ಕಾಳಯ್ಯ. ಹದಿನೆಂಟು ವರ್ಷ ಬಸ್ಸಿನಲ್ಲಿ ಟವೆಲ್ ಹಾಸಿ ಇವರಿಗೆ ಸೀಟು ಹಿಡಿದವನು ಈಗ ಫೋನೇ ಎತ್ತುತ್ತಿರಲಿಲ್ಲ. ಸರಸ್ವತಿಪುರಂನ ಬಾಡಿಗೆ ಮನೆಯಲ್ಲಿ ಇವರು ‘ಮಹಡಿ ಮನೆಯವರು’, ಹೋಟೆಲಿನಲ್ಲಿ ‘ಸಾರ್’. ಹೆಸರು ಹಿಡಿದು ಕರೆಯುವವರೇ ಇಲ್ಲ. ಒಬ್ಬರಿಗೇ ಅನ್ನ ಬೇಯಿಸಿಕೊಳ್ಳುವಾಗ ಎಷ್ಟೋ ಸಲ ಅಳು ಬಂದುಬಿಡುತ್ತಿತ್ತು.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಗ್ಗೆ ಕಾಳಯ್ಯನೇ ಬಂದ. ಕಾಫಿ ಬೇಡವೆಂದು ಬಾಗಿಲಲ್ಲೇ ನಿಂತ.

“ಪ್ರಸಾದಣ್ಣ, ಆ ಅರ್ಜಿ ನಾನು ಬರ್ದಿಲ್ಲ ಅಂತ ಒಂದು ಸಾಲು ಬರ್ಕೊಟ್ಬುಡಿ. ಒಂದನೇ ತಾರೀಕಿಂದ ಬನ್ನಿ ಅಂದವ್ರೆ ಮಾಲೀಕ್ರು. ಅಂಗೇ ಮೊದ್ಲಿನಂಗೆ ಒಟ್ಗೆ ಓಗಾದು ಕಣಣ್ಣ.”

ಮಾಲೀಕನಿಗೆ ಈ ಮನುಷ್ಯ ಹೆಸರು ಹಾಕಿ ನಿಂತುಬಿಟ್ಟರೆ ಎಂಬ ಭಯ. ಆದರೆ ಪ್ರಸಾದರ ಕಿವಿಗೆ ಬಿದ್ದದ್ದು ‘ಪ್ರಸಾದಣ್ಣ’ ಒಂದೇ. ನಾಳೆ ಹೇಳುತ್ತೇನೆ ಎಂದು ಕಳಿಸಿದರು.

ಅವನು ಹೋದ ಮೇಲೆ ಇವರು ನೇರ ಹೋದದ್ದು ಅದೇ ಬೀದಿಯ ವಕೀಲೆ ವಾಣಿಯ ಮನೆಗೆ. ಅರ್ಜಿ ಏನಾಯಿತೆಂದು ಆಕೆ ಇವರಿಗಾಗಿ ಆಗಲೇ ವಿಚಾರಿಸಿದ್ದಳು: ಹೆಸರಿಲ್ಲವೆಂದು ಕಡತ ಮುಚ್ಚಿದ್ದರು. ಮಾಲೀಕನಿಗೆ ಒಂದೇ ನಿಮಿಷದಲ್ಲಿ ಸಿಕ್ಕ ಹೆಸರು ಕಚೇರಿಗೆ ಮಾತ್ರ ಸಿಕ್ಕಿರಲಿಲ್ಲ! ದೂರು ಕೊಟ್ಟವರನ್ನು ಕಾಯುವ ಕಾನೂನು ಇಲ್ಲವೇ ಎಂದು ಇವರು ಕೇಳಿದರು. ಇದೆ, ಎರಡು ಸಾವಿರದ ಹದಿನಾಲ್ಕರಲ್ಲೇ ಪಾರ್ಲಿಮೆಂಟಿನಲ್ಲಿ ಪಾಸಾಗಿ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿದೆ, ಜಾರಿಗೆ ತರುವ ದಿನವನ್ನು ಮಾತ್ರ ಇವತ್ತಿನವರೆಗೂ ಪ್ರಕಟಿಸಿಲ್ಲ ಎಂದಳು ಆಕೆ.

“ಹೆಸರು ಹಾಕಿದ್ರೆ ಕಡತ ತೆಗೆಸ್ತೀನಿ ಸಾರ್. ನಿಮ್ಮನ್ನ ಕಾಯ್ತೀನಿ ಅಂತ ಮಾತ್ರ ಹೇಳಲಾರೆ.”

ಮಧ್ಯಾಹ್ನ ಬೋಗಾದಿಗೆ ಹೋದರು. ಕಟ್ಟಡಕ್ಕೆ ಆಗಲೇ ಸುಣ್ಣ ಬಳಿದಾಗಿತ್ತು. ಅಂಗಳದಲ್ಲಿ ಕಬ್ಬಿಣದ ಮಂಚಗಳು ಬಂದಿಳಿದಿದ್ದವು, ಕೆಳಗೊಬ್ಬರು ಮೇಲೊಬ್ಬರು ಮಲಗುವಂಥವು. ಮಠದ ಹಾಸ್ಟೆಲಿನ ಆ ನಲವತ್ತು ಚಾಪೆಗಳ ಸಾಲು ನೆನಪಾಯಿತು. ತಲೆಯ ಮೇಲಿನ ಸೂರು ಬೀಳಬಹುದೆಂದು ಅಲ್ಲಿ ಯಾವ ಹುಡುಗನೂ ಒಂದು ದಿನ ಯೋಚಿಸಿದವನಲ್ಲ. ಮಂಚಗಳನ್ನು ಒಂದೊಂದಾಗಿ ಎಣಿಸಿ ಹಿಂದಿರುಗಿದರು. ಸಂಜೆ ವಾಣಿಯ ಮನೆಯಲ್ಲಿ ಕೂತು ಅರ್ಜಿಯನ್ನು ಹೊಸದಾಗಿ ಬರೆದರು. ಮಹದೇಶ್ವರನನ್ನು ಬಿಡಲಿಲ್ಲ, ಮೂರು ಗೆರೆಯನ್ನೂ ಬಿಡಲಿಲ್ಲ. ಕೊನೆಯಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಮೂರು ವಾರದ ಮೇಲೆ ಹೇಳಿಕೆಗೆ ಕರೆ ಬಂತು. ಹಾಸ್ಟೆಲಿಗೆ ಹುಡುಗಿಯರನ್ನು ಸೇರಿಸುವುದನ್ನು ಸದ್ಯಕ್ಕೆ ತಡೆದಿದ್ದಾರೆಂದು ವಾಣಿ ತಿಳಿಸಿದ್ದಳು. ಹೇಳಿಕೆಯ ದಿನ ಕಚೇರಿಯ ಪಡಸಾಲೆಯಲ್ಲಿ ಮಾಲೀಕನಿದ್ದ. ಅವನು ಸಾಕ್ಷಿಗೆಂದು ಕರೆತಂದ ಕಾಳಯ್ಯ ಎದುರು ಬೆಂಚಿನ ಮೇಲೆ ಕೂತಿದ್ದ, ಪಕ್ಕದಲ್ಲಿ ಅಭ್ಯಾಸಬಲದಿಂದ ಟವೆಲ್ ಹಾಸಿತ್ತು. ಪ್ರಸಾದರು ಬಂದದ್ದನ್ನು ನೋಡಿ ಕಾಳಯ್ಯ ಆ ಟವೆಲನ್ನು ಮೆಲ್ಲಗೆ ತೆಗೆದು ಹೆಗಲಿಗೆ ಹಾಕಿಕೊಂಡ. ಪ್ರಸಾದರು ಗೋಡೆಗೆ ಒರಗಿ ನಿಂತರು.

ಜವಾನ ಬಾಗಿಲಿಗೆ ಬಂದು ಕೂಗಿದ. “ಮಹದೇವಪ್ರಸಾದ್ ಅಂದ್ರೆ ಯಾರ್ರೀ?”

ಎಲ್ಲರೂ ತಿರುಗಿ ನೋಡಿದರು. ಕಾಳಯ್ಯ ಮಾತ್ರ ನೆಲ ನೋಡುತ್ತಿದ್ದ.

“ನಾನೇ,” ಎಂದು ಪ್ರಸಾದರು ಒಳಗೆ ಹೋದರು.