ಪಕ್ಕದ ಮಂಚಕ್ಕೊಂದು ಲ್ಯಾಟಿನ್ ಪಾಠ

ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ ಲ್ಯಾಟಿನ್ ಮೇಡಂಗೆ ಡಾಕ್ಟರು ಓಡಾಡಬೇಡಿ ಎಂದಿದ್ದರು. ಬಾಯಿಯ ಬಗ್ಗೆ ಏನೂ ಹೇಳಿರಲಿಲ್ಲ. ಹೇಳಿದ್ದರೂ ಮೇಡಂ ಕೇಳುವ ಪೈಕಿ ಅಲ್ಲ.

ಹುಡುಗಿಯರ ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಲೇ ಅವರ ತಲೆ ಹಣ್ಣಾಗಿತ್ತು. ಸತ್ತ ಭಾಷೆ ಯಾರಿಗೆ ಬೇಕು ಎಂದು ಶಾಲೆಯವರು ತರಗತಿಯನ್ನೇ ಮುಚ್ಚಿ, ಅವರನ್ನು ಲೈಬ್ರರಿಯ ಮೂಲೆಗೆ ತಳ್ಳಿದರು. ಮೇಡಂ ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗೆ ಪಾಠ ಶುರು ಮಾಡಿದರು. ಮುಖ್ಯೋಪಾಧ್ಯಾಯಿನಿ ಗುರ್ ಎಂದಾಗ, "ಸತ್ತಿದ್ರೆ ಹೂತುಬಿಡಿ. ಔಷಧಿ ಚೀಟೀಲಿ, ಕೋರ್ಟಿನ ಕಾಗದದಲ್ಲಿ, ತೋಟದ ಗಿಡಕ್ಕೆ ಹಾಕಿದ ಹೆಸರಿನ ಹಲಗೇಲಿ ಎಲ್ಲಾ ಕಡೆ ಎದ್ದು ಕೂತಿದೆಯಲ್ಲ, ಅದಕ್ಕೇನು ಮಾಡ್ತೀರಿ?" ಎಂದು ಕೇಳಿ ಮೆಟ್ಟಿಲ ಕೆಳಗೇ ಹೋಗಿ ಕೂತರು. ನಿವೃತ್ತಿಯ ದಿನದವರೆಗೂ ಅಲ್ಲಿಂದ ಅಲುಗಾಡಲಿಲ್ಲ.

ಪಕ್ಕದ ಮಂಚದಲ್ಲಿದ್ದವಳು ಟೈಲರಮ್ಮ. ಹೊಟ್ಟೆಯ ಆಪರೇಷನ್ ಆಗಿತ್ತು. ಹೊದಿಕೆಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮಲಗಿರುತ್ತಿದ್ದಳು. ನರ್ಸು ಹತ್ತಿರ ಬಂದರೆ ಸಾಕು, ಬಾಯಿಂದ ಬಟ್ಟೆ ತೆಗೆದು ನಗುತ್ತಿದ್ದಳು. ಆ ನಗು ಕಂಡರೆ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ನರ್ಸು ಟೈಲರಮ್ಮನ ಔಷಧಿ ಬರೆದ ಹಾಳೆಯನ್ನು ಇಬ್ಬರ ನಡುವಿನ ಮೇಜಿನ ಮೇಲೆ ಬಿಟ್ಟು ಹೋದಳು. ಮೇಡಂ ಕನ್ನಡಕ ಏರಿಸಿದರು. ನೋವಿನ ಇಂಜೆಕ್ಷನ್ನಿನ ಹೆಸರಿನ ಮುಂದೆ ಮೂರು ಅಕ್ಷರ: ಪಿ.ಆರ್.ಎನ್. ಅದರ ಮುಂದೆ, ಕೊಟ್ಟ ಹೊತ್ತು ಬರೆಯುವ ಸಾಲೆಲ್ಲ ಖಾಲಿ. ಆಪರೇಷನ್ನಿನ ಮರುದಿನದಿಂದ ಒಂದು ಸಲವೂ ಕೊಟ್ಟಿರಲಿಲ್ಲ.

"ಸಿಸ್ಟರ್!" ಎಂದು ಕೂಗಿದರು. ಹೆಡ್ ನರ್ಸೇ ಬಂದಳು. "ಈಯಮ್ಮನಿಗೆ ನೋವಿನ ಇಂಜೆಕ್ಷನ್ ಯಾಕೆ ಕೊಟ್ಟಿಲ್ಲ?"

"ಪಿ.ಆರ್.ಎನ್. ಅಂದ್ರೆ ಬೇಕಾದಾಗ ಮಾತ್ರ, ಮೇಡಂ. ನಮ್ಮ ವಾರ್ಡಲ್ಲಿ ಕೇಳಿದವರಿಗೆ ಕೊಡ್ತೀವಿ. ಅವರು ಕೇಳಿಲ್ಲ."

"ಕೇಳಬಹುದು ಅಂತ ಅವರಿಗೆ ಹೇಳಿದೀರಾ?"

"ಎಲ್ಲರಿಗೂ ಹೇಳ್ತಾ ಕೂತ್ರೆ ಎಲ್ಲರೂ ಕರೀತಾರೆ. ಇಡೀ ವಾರ್ಡಿಗೆ ನಾವಿಬ್ಬರೇ ಇರೋದು." ಅವಳ ಕಣ್ಣಡಿ ಕಪ್ಪಾಗಿತ್ತು, ಆ ಮಾತು ಸುಳ್ಳೂ ಅಲ್ಲ. ಟೈಲರಮ್ಮನ ಕಡೆ ತಿರುಗಿ, "ಏನಮ್ಮ, ನೋವಿದೆಯಾ?" ಎಂದಳು.

"ಇಲ್ಲ ಸಿಸ್ಟರ್, ಏನೂ ಇಲ್ಲ," ಎಂದು ಟೈಲರಮ್ಮ ನಕ್ಕಳು.

ಮೇಡಂಗೆ ಕೆನ್ನೆಗೆ ಹೊಡೆದಂತಾಯಿತು. ಹೆಡ್ ನರ್ಸ್ ಅತ್ತ ಹೋದದ್ದೇ ತಡ, ಇತ್ತ ಸಿಡಿದರು. "ಯಾಕ್ರೀ ಸುಳ್ಳು ಹೇಳಿದ್ರಿ?"

"ಬಿಡಿ ಮೇಡಂ. ಇಷ್ಟು ವರ್ಷ ಯಾರ ಮುಂದೆನೂ ಕೈ ಚಾಚಿದವಳಲ್ಲ. ಈಗೇನು ಬೇಡೋದು?"

ಮೇಡಂ ಪಾಠದ ದನಿಯಲ್ಲಿ ಹೇಳಿದರು: "ಕೇಳಿ ಇಲ್ಲಿ. ಆ ಮೂರಕ್ಷರ ಅಂದ್ರೆ ಪ್ರೋ ರೇ ನಾಟಾ. ರೇ ಅಂದ್ರೆ ಸಂಗತಿ, ನಾಟಾ ಅಂದ್ರೆ ಹುಟ್ಟಿದ್ದು. ಹುಟ್ಟಿದ ಸಂಗತಿಗೆ ತಕ್ಕ ಹಾಗೆ ಅಂತ. ನೋವು ಹುಟ್ಟಿದಾಗ ಕೊಡಿ ಅಂತ ಡಾಕ್ಟರು ಆಗಲೇ ಬರೆದಾಗಿದೆ. ಅದು ನಿಮ್ಮದು. ನಿಮ್ಮ ಹತ್ರ ಹೊಲಿಯೋಕೆ ಕೊಟ್ಟ ಬಟ್ಟೇನ ವಾಪಸ್ ಕೇಳೋಕೆ ಬಂದವರು ನಿಮ್ಮ ಕಾಲಿಗೆ ಬೀಳ್ತಾರಾ?"

ಟೈಲರಮ್ಮ ಗೋಡೆಯ ಕಡೆ ಮುಖ ಮಾಡಿದಳು.

ಅಷ್ಟಕ್ಕೆ ಬಿಡುವವರು ಬೇರೆ, ಮೇಡಂ ಅಲ್ಲ. ಕೊನೆಯ ಬೆಂಚಿಗೆ ಕೇಳಿಸುವ ಹಾಗೆ ಕೂಗಿ ಪಳಗಿದ ಗಂಟಲು ಅದು. ಮಲಗಿದಲ್ಲಿಂದಲೇ ಇಡೀ ವಾರ್ಡಿಗೆ ಪಾಠ ಶುರುವಾಯಿತು. ಹಾಳೆಯಲ್ಲಿ ಬಿ.ಡಿ. ಅಂತಿದ್ದರೆ ದಿನಕ್ಕೆರಡು ಸಲ, ಟಿ.ಡಿ.ಎಸ್. ಅಂತಿದ್ದರೆ ಮೂರು ಸಲ, ಎ.ಸಿ. ಅಂದರೆ ಊಟಕ್ಕೆ ಮುಂಚೆ. ಪಿ.ಆರ್.ಎನ್. ಅಂತಿದ್ದರೆ ನೋವಾದ ಕೂಡಲೇ ಬಾಯಿ ಬಿಟ್ಟು ಕೇಳಿ, ನಾಚಿಕೊಂಡರೆ ನಿಮಗೇ ನಷ್ಟ. ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿ ಕೇಳಿಸಿಕೊಂಡರು.

ಹೆಡ್ ನರ್ಸ್ ಮತ್ತೆ ಬಂದಳು. "ಸಂಜೆಗೆ ನಿಮ್ಮನ್ನ ಹಿಂಬದಿಯ ಒಂಟಿ ರೂಮಿಗೆ ಹಾಕ್ತೀನಿ. ಅಲ್ಲಿ ಗೋಡೆಗೆ ಪಾಠ ಮಾಡಿ."

"ಹಾಕಿ. ಮೆಟ್ಟಿಲ ಕೆಳಗೆ ಇದ್ದು ಬಂದವಳು ನಾನು."

ಮೇಡಂನ ನೋಡಲು ಬಂದಿದ್ದ ಅವರ ತಮ್ಮ ಹಣೆ ಚಚ್ಚಿಕೊಂಡ. "ಅಕ್ಕಾ, ನಿನಗೆ ಯಾಕೆ ಬೇಕಿತ್ತು ಇಲ್ಲದ ಉಸಾಬರಿ? ಅವರೇ ಬೇಡ ಅಂತಿದಾರಲ್ಲ!"

"ಬೇಡ ಅನ್ನೋದು ಬೇರೆ, ಕೇಳೋಕೆ ಹೆದರೋದು ಬೇರೆ ಕಣೋ," ಎಂದರು ಮೇಡಂ. ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ. ಟೈಲರಮ್ಮ ಇನ್ನೂ ಗೋಡೆಯ ಕಡೆಗೇ ತಿರುಗಿದ್ದಳು. ಹೊದಿಕೆಯ ಅಂಚು ಮತ್ತೆ ಹಲ್ಲಿನ ನಡುವೆ ಸೇರಿತ್ತು. ತಮ್ಮ ಪಾಠವೆಲ್ಲ ನೀರಲ್ಲಿ ಹೋಮವಾಯಿತೆಂದು ಮೇಡಂಗೆ ಅಳುವೇ ಬಂತು.

ಸಂಜೆ ಹೆಡ್ ನರ್ಸ್ ಜೊತೆ ಆಸ್ಪತ್ರೆಯ ಆಳು ಬಂದು ಮಂಚದ ಗಾಲಿಯ ಕೊಂಡಿ ಬಿಚ್ಚಿದ. ಮಂಚ ಕಿರ್ ಎನ್ನುತ್ತ ಬಾಗಿಲ ಕಡೆ ಹೊರಟಿತು. ತಮ್ಮನೂ ತಲೆ ತಗ್ಗಿಸಿಕೊಂಡು ಚೀಲ ಹಿಡಿದು ಹಿಂದೆ ನಡೆದ.

"ಸಿಸ್ಟರ್!"

ಆ ದನಿಯನ್ನು ವಾರ್ಡಿನಲ್ಲಿ ಯಾರೂ ಅಷ್ಟು ಜೋರಾಗಿ ಕೇಳಿರಲಿಲ್ಲ. ಮೇಡಂ ಕೈ ಚಾಚಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಮಂಚ ನಿಂತಿತು.

ಟೈಲರಮ್ಮ ಮೊಣಕೈ ಊರಿ ಅರ್ಧ ಎದ್ದಿದ್ದಳು. ಮುಖದಲ್ಲಿ ನಗುವಿರಲಿಲ್ಲ. "ನಂಗೆ ನೋವಾಗ್ತಿದೆ. ಡಾಕ್ಟರು ಬರೆದಿದ್ದನ್ನ ಕೊಡಿ."

"ಬಂದೆ ಬಂದೆ, ಈ ಮಂಚ ಕಳಿಸಿಬಿಟ್ಟು ಬರ್ತೀನಿ," ಎಂದಳು ಹೆಡ್ ನರ್ಸ್. "ಅಲ್ಲೀವರೆಗೂ ಸ್ವಲ್ಪ ತಡ್ಕೊಳ್ಳಿ."

"ತಡ್ಕೊಳ್ಳಲ್ಲ," ಎಂದಳು ಟೈಲರಮ್ಮ. "ಮೊದಲು ಇಲ್ಲಿಗೆ ಬನ್ನಿ."