ಚಪ್ಪೆ ಪಾದ

ಮಗಳ ಪಾದ ನೋಡಿ ಡಾಕ್ಟ್ರು ‘ಚಪ್ಪಟೆ’ ಎಂದರೋ ‘ಚಪ್ಪೆ’ ಎಂದರೋ, ಆಣೆ ಹಾಕಿ ಹೇಳಲು ನನ್ನಿಂದಾಗದು. ಚಪ್ಪಟೆ ಎನ್ನುವುದೇ ಸರಿ. ಆದರೆ ಪಕ್ಕದಲ್ಲೇ ಕೂತಿದ್ದ ಅಮ್ಮನಿಗೆ ಕೇಳಿಸಿದ್ದು ಚಪ್ಪೆ. ನಾನು ಒಂದು ಕಡೆ ಕೂರುವ ಜಾತಿಯವನಲ್ಲ. ಆ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಗೋಡೆಯ ಮೇಲಿದ್ದ ಪಾದದ ಮೂಳೆಗಳ ಚಿತ್ರ ನೋಡುತ್ತಿದ್ದೆ. ಸಾಲದ್ದಕ್ಕೆ ನಮ್ಮ ಮನೆಮಾತು ತುಳು. ಇಲ್ಲಿ ಮನೆಯವರ ಮಾತನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಅನುಮಾನಕ್ಕೆ ಅದೂ ಒಂದು ಕಾರಣ.

ಶುರುವಾದದ್ದು ಕಾರ್ಕಳದ ಗೊಮ್ಮಟನ ಬೆಟ್ಟದಲ್ಲಿ. ಮಗಳು ಆಗ ಒಂದನೇ ತರಗತಿ. ನಡೆದರೆ ಹಿಮ್ಮಡಿಯಲ್ಲಿ ಕೆಂಪು ದೀಪ ಮಿನುಗುವ ಚಪ್ಪಲಿಯನ್ನು ಉಡುಪಿಯಲ್ಲಿ ಹಠ ಮಾಡಿ ಕೊಡಿಸಿಕೊಂಡಿದ್ದಳು. ಅದನ್ನು ಕೆಳಗೆ ಬಿಟ್ಟು ಮೆಟ್ಟಿಲು ಹತ್ತಬೇಕಾಯಿತು. ಅರ್ಧ ದಾರಿಯಲ್ಲಿ ಕೂತುಬಿಟ್ಟಳು.

“ಅಪ್ಪಾ, ಗಂಟು ನೋಯ್ತದೆ.”

“ಯಾವ ಗಂಟು?”

“ಎರಡೂ. ಕೆಳಗೆ ಹೋಗುವ.”

ಚಪ್ಪಲಿ ಯಾರಾದರೂ ಕದ್ದಾರೆಂಬ ಚಿಂತೆಗೆ ನೋವಿನ ನೆಪ ಎಂದೇ ನಾನು ತಿಳಿದೆ. ಆದರೆ ಆಮೇಲೆ ಶಾಲೆಯಲ್ಲಿ ಓಡಿ ಬಂದ ದಿನಗಳಲ್ಲೂ ಪಾದದ ಗಂಟು ಹಿಡಿದುಕೊಂಡು ಅಳತೊಡಗಿದಾಗ ಅನುಮಾನವನ್ನು ಬದಿಗಿಟ್ಟು ಮಣಿಪಾಲಕ್ಕೆ ಹೋದೆವು: ನಾನು, ಹೆಂಡತಿ, ಅಮ್ಮ, ಮಗಳು ಮತ್ತು ಮಗಳ ಎದೆಗವಚಿದ ಚಪ್ಪಲಿ.

ಮಕ್ಕಳ ಮೂಳೆಯ ಡಾಕ್ಟ್ರು ಘಟ್ಟದ ಮೇಲಿನ ಹೆಂಗಸು, ಮಾತು ಚುರುಕು. ಮಗಳನ್ನು ತುದಿಗಾಲಲ್ಲಿ ನಿಲ್ಲಿಸಿದರು. ಅಡಿಯಲ್ಲಿ ಮರೆಯಾಗಿದ್ದ ಕಮಾನು ಮೂಡಿತು. “ನೋಡಿ, ಇದೆ. ನಿಂತಾಗ ಅಡಗಿಕೊಳ್ಳುತ್ತೆ, ಅಷ್ಟೇ. ಆಪರೇಷನ್ ಏನೂ ಬೇಡ. ಮೀನಖಂಡ ಬಿಗಿ ಇದೆ, ದಿನಾ ಗೋಡೆಗೆ ಕೈಯಿಟ್ಟು ಎಳೆಯೋ ವ್ಯಾಯಾಮ ಮಾಡಿಸಿ. ಓಡಾಟಕ್ಕೆ ಹಿಮ್ಮಡಿ ಗಟ್ಟಿ ಇರೋ ಶೂ ಹಾಕಿ.” ಆಮೇಲೆ ಚಪ್ಪಲಿಯತ್ತ ಬೆರಳು ತೋರಿಸಿದರು. “ಇದು ಸದ್ಯಕ್ಕೆ ಬೇಡ ಪುಟ್ಟಾ.”

“ಮಾವನ ಮದುವೆಗೆ ಹಾಕ್ಲಿಕ್ಕುಂಟು” ಎಂದು ಮಗಳು ಚಪ್ಪಲಿಯನ್ನು ಇನ್ನೂ ಗಟ್ಟಿಯಾಗಿ ಅವಚಿಕೊಂಡಳು. ಡಾಕ್ಟ್ರು ರಾಜಿಗೆ ಬಂದರು. “ಮುಂದಿನ ಸಲ ಬರೋವಾಗ ನೋವು ಹೋಗಿದ್ರೆ ಮದುವೆಗೆ ಹಾಕ್ಕೊಂಡು ಹೋಗು.” ಉಡುಪಿಯಲ್ಲಿ ಹೆಂಡತಿಯ ತಮ್ಮನ ಮದುವೆಯಿತ್ತು. ಮಗಳು ಅಂದಿನಿಂದ ಗೋಡೆ ತಳ್ಳತೊಡಗಿದಳು, ಅಲೆವೂರಿನ ನಮ್ಮ ಮನೆ ಅತ್ತ ಸರಿದೀತು ಎಂಬಷ್ಟು.

ಅಮ್ಮನದು ಬೇರೆ ದಾರಿ. ಮೊದಲ ಸೂಚನೆ ಸಿಕ್ಕಿದ್ದು ಸಾರಿನಲ್ಲಿ. ಬಾಯಿಗಿಡಲಾಗದಷ್ಟು ಉಪ್ಪು.

“ಡಾಕ್ಟ್ರೇ ಹೇಳಿದ್ದಲ್ವಾ ಮಾರಾಯ, ಪಾದ ಚಪ್ಪೆ ಉಂಟು ಅಂತ.”

ನಮ್ಮ ಕಡೆ ಉಪ್ಪಿಲ್ಲದ ಅಡುಗೆ ಚಪ್ಪೆ. ಮೊಮ್ಮಗಳ ಕಾಲಿಗೆ ಉಪ್ಪು ಸಾಲದು ಎಂದು ದೊಡ್ಡ ಆಸ್ಪತ್ರೆಯಲ್ಲೇ ತೀರ್ಮಾನವಾಗಿದೆ ಎಂದು ಅಮ್ಮ ತಿಳಿದಿದ್ದರು. ಊಟದ ಉಪ್ಪನ್ನು ಹೆಂಡತಿ ಅವತ್ತೇ ನಿಲ್ಲಿಸಿದಳು. ಅಮ್ಮ ಬಕೆಟ್ಟಿಗೆ ಬದಲಾಯಿಸಿದರು. ಸಂಜೆ ಬಿಸಿ ಉಪ್ಪುನೀರಲ್ಲಿ ಮಗಳ ಕಾಲು.

“ಅಮ್ಮ, ಉಪ್ಪು ಚರ್ಮ ದಾಟಿ ಒಳಗೆ ಹೋಗುವುದಿಲ್ಲ.”

“ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆಗೆ ಹೋಗ್ತದೆ. ಕಾಲಿಗೆ ಎಂತ ದಾಡಿ?”

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿತವನು. ಪ್ರಯೋಗ ಮಾಡೋಣ ಎಂದೆ: ಎಡಗಾಲಿಗೆ ಉಪ್ಪುನೀರು, ಬಲಗಾಲಿಗೆ ಬರಿಯ ನೀರು, ಯಾವುದರ ನೋವು ಮೊದಲು ಹೋಗುತ್ತದೋ ನೋಡುವ.

“ಒಂದು ಕಾಲು ರುಚಿ, ಒಂದು ಕಾಲು ಚಪ್ಪೆ ಮಾಡಿಟ್ಟರೆ ನಾಳೆ ಅವಳನ್ನು ಯಾರು ಮದುವೆಯಾಗುವುದು?” ಎಂದರು ಅಮ್ಮ. ಹೆಂಡತಿ ನಕ್ಕು ಅಡುಗೆಮನೆಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

ಬಕೆಟ್ಟು ಸಾಲದೆಂದು ಭಾನುವಾರಗಳಲ್ಲಿ ಕಾಪು ಕಡಲಿಗೆ ಹೋದೆವು. ಅಮ್ಮನ ತವರು ಅಲ್ಲೇ ಹತ್ತಿರ. ಅಲೆ ಪಾದ ಮುಟ್ಟಿ ಹಿಂದೆ ಸರಿಯುವ ಒದ್ದೆ ಮರಳಲ್ಲಿ ಮಗಳನ್ನು ಬರಿಗಾಲಲ್ಲಿ ನಡೆಸುತ್ತ ಅಮ್ಮ, “ನಿಧಾನ ಮಗಾ, ಉಪ್ಪು ಹಿಡಿಯಲಿ” ಎನ್ನುತ್ತಿದ್ದರು. ಮಗಳು ಒಮ್ಮೆ ಬಗ್ಗಿ ಬೆರಳಿಂದ ಹಿಮ್ಮಡಿ ಒರೆಸಿ, ನೆಕ್ಕಿ, “ಅಜ್ಜೀ, ಸರಿಯಾಗಿದೆ! ಚಪ್ಪಲಿ ಹಾಕಬಹುದು!” ಎಂದು ಕೂಗಿದಳು. ಇದು ನಿಜಕ್ಕೂ ನಡೆದದ್ದೋ, ನಾನು ಅಲ್ಲಲ್ಲಿ ಹೇಳಿ ಹೇಳಿ ನಡೆಸಿದ್ದೋ ಗೊತ್ತಿಲ್ಲ. ಹೆಂಡತಿಗೆ ನೆನಪಿಲ್ಲ.

ಮತ್ತೆ ಮಣಿಪಾಲಕ್ಕೆ ಹೋಗುವಾಗ ನೋವು ಹೋಗಿತ್ತು. ಡಾಕ್ಟ್ರು ಖುಷಿಯಾದರು. ಅಮ್ಮ ಉಪ್ಪಿನ ಕಥೆಯನ್ನೆಲ್ಲ ಒಪ್ಪಿಸಿದರು.

ಡಾಕ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಮರಳಲ್ಲಿ ನಡೆಸಿದ್ದು ಒಳ್ಳೇದೇ ಅಮ್ಮ. ಆದ್ರೆ ನಾನು ಹೇಳಿದ್ದು ಚಪ್ಪಟೆ. ಚಪ್ಪೆ ಅಲ್ಲ.”

ಹೊರಗೆ ಬಂದ ಮೇಲೆ ಅಮ್ಮ ನನ್ನ ಕಿವಿಯಲ್ಲಿ, “ಈಗ ಉಪ್ಪು ಹಿಡಿದಿದೆ, ಹಾಗಾಗಿ ಚಪ್ಪೆ ಅಲ್ಲ ಅಂದರು” ಎಂದರು. ಅದನ್ನು ಅಲ್ಲಗಳೆಯಲು ಇಂದಿಗೂ ನನಗೆ ದಾರಿ ಸಿಕ್ಕಿಲ್ಲ. ವ್ಯಾಯಾಮ, ಶೂ, ಮರಳು, ಉಪ್ಪು ಎಲ್ಲವನ್ನೂ ಒಟ್ಟಿಗೆ ಮಾಡಿದ ಮೇಲೆ ಯಾವುದರಿಂದ ವಾಸಿಯಾಯಿತೆಂದು ಹೇಳುವುದು ಹೇಗೆ?

ಮದುವೆಯ ದಿನ ಕಪಾಟಿನಿಂದ ಚಪ್ಪಲಿ ಇಳಿಸಿದೆವು. ಅಷ್ಟರಲ್ಲಿ ಪಾದ ಬೆಳೆದಿತ್ತು. ಹಿಮ್ಮಡಿ ಪೂರಾ ಹೊರಗೆ. ಮಗಳು ಅತ್ತಳು. ಎಲ್ಲರೂ ಸಮಾಧಾನಪಡಿಸಲು ಹೊರಟಾಗ ತಾನೇ ಸುಮ್ಮನಾಗಿ ಎರಡನ್ನೂ ಕೈಗೆ ತೊಟ್ಟುಕೊಂಡಳು. ಹಾಲ್‌ನಲ್ಲಿ ತಾಳಿ ಕಟ್ಟುವಾಗ ಉಳಿದವರು ಅಕ್ಷತೆ ಹಾಕಿದರೆ, ಇವಳು ಚಪ್ಪಲಿಯಲ್ಲಿ ಚಪ್ಪಾಳೆ ತಟ್ಟಿದಳು, ಒಂದೊಂದು ಏಟಿಗೂ ದೀಪ. ಚಪ್ಪಲಿ ಮಂಟಪದ ಹತ್ತಿರ ಬಂದದ್ದಕ್ಕೆ ಪುರೋಹಿತರು ತಿರುಗಿ ನೋಡಿದರು. “ಅದು ಈಗ ಚಪ್ಪಲಿ ಅಲ್ಲ ಭಟ್ರೇ, ಕೈಗೆ ಹಾಕಿದ್ದಲ್ವಾ” ಎಂದರು ಅಮ್ಮ.

ದೀಪ ಕೆಂಪು ಎಂದು ಮೇಲೆ ಬರೆದಿದ್ದೇನೆ. ಹೆಂಡತಿ ಓದಿ, “ನೀಲಿ” ಎಂದಳು. ಅಟ್ಟ ಹತ್ತಿ ಹುಡುಕಿ, ಚಪ್ಪಲಿಯನ್ನು ಗೋಡೆಗೆ ಬಡಿದು ನೋಡಿದೆ. ಬಲಗಾಲಿನದು ಸತ್ತಿದೆ. ಎಡಗಾಲಿನದು ಇನ್ನೂ ಮಿನುಗುತ್ತದೆ. ನೀಲಿ.